ಪ್ಲಾಟಿನಂ ಜಾಗಕ್ಕೆ ಬಂದ ಅನ್ನಭೇದಿ

ನವಲಗುಂದ, ಅಣ್ಣಿಗೇರಿ ಕಡೆಯ ಎರೆಹೊಲದ ರೈತರಿಗೆ ಕಬ್ಬಿಣವೂ ಗೊತ್ತು, ಬೋರಾನ್ ಕೂಡ ಗೊತ್ತು. ಸುಣ್ಣದಂಶ ಹೆಚ್ಚಿರುವ ಕಪ್ಪು ಮಣ್ಣಿನಲ್ಲಿ ಶೇಂಗಾದ ಎಳೆ ಎಲೆ ಹಳದಿಗೆ ತಿರುಗಿದರೆ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ನೀರಿಗೆ ಬೆರೆಸಿ ಸಿಂಪಡಿಸುತ್ತಾರೆ. 2009ರಲ್ಲಿ ಭೂಚೇತನ ಯೋಜನೆ ಶುರುವಾದ ಮೊದಲ ಜಿಲ್ಲೆಗಳಲ್ಲಿ ಧಾರವಾಡವೂ ಒಂದು. ಮಣ್ಣು ಪರೀಕ್ಷೆಯಲ್ಲಿ ಸತು, ಗಂಧಕದ ಜೊತೆ ಬೋರಾನ್ ಕೊರತೆಯೂ ಕಂಡಿದ್ದರಿಂದ ಅದನ್ನೂ ಗೊಬ್ಬರದ ಜೊತೆ ಕೊಡುವ ರೂಢಿ ಬಂತು. ಕಬ್ಬಿಣ, ಬೋರಾನ್ ಎಂಬ ಇದೇ ಎರಡು ಧಾತುಗಳು ಜಲಜನಕ ಇಂಧನದ ಪ್ರಯೋಗಾಲಯದಲ್ಲೂ ಜೋಡಿಯಾಗಿವೆ.

ಆ ಕಥೆ ಎರಡನೇ ಮಹಾಯುದ್ಧದ ಕಾಲದ್ದು. ಷಿಕಾಗೊದಲ್ಲಿ ರಸಾಯನ ವಿಜ್ಞಾನಿಗಳಾದ ಷ್ಲೆಸಿಂಜರ್ ಮತ್ತು ಹರ್ಬರ್ಟ್ ಬ್ರೌನ್ ಸೋಡಿಯಂ ಬೋರೋಹೈಡ್ರೈಡ್ ತಯಾರಿಸಿದರು. ನೀರಿಗೆ ಹಾಕಿ, ಚೂರು ಕೋಬಾಲ್ಟ್ ಲವಣ ಬೆರೆಸಿದರೆ ಸಾಕು, ಜಲಜನಕ ನುಗ್ಗಿ ಬರುತ್ತಿತ್ತು. ರಣರಂಗದಲ್ಲೇ ಜಲಜನಕ ತಯಾರಿಸಿಕೊಳ್ಳಲು ಅಮೆರಿಕದ ಸೇನೆಗೆ ಇಂಥದ್ದೇ ಬೇಕಿತ್ತು. ಬೋರಾನ್ ರಸಾಯನಕ್ಕಾಗಿ ಬ್ರೌನ್ 1979ರ ನೊಬೆಲ್ ಪಡೆದರು. 1955ರಲ್ಲಿ ಷೋರ್ ಮತ್ತು ಪ್ಯಾರಿ ಅಮೋನಿಯಾ ಬೋರೇನ್ ಎಂಬ ಬಿಳಿ ಪುಡಿಯನ್ನು ವರದಿ ಮಾಡಿದರು. ಅದರ ತೂಕದಲ್ಲಿ ಶೇ 19.6ರಷ್ಟು ಜಲಜನಕವೇ. 31 ಗ್ರಾಂ ಪುಡಿ ನೀರಿನೊಡನೆ ಪೂರ್ತಿ ವರ್ತಿಸಿದರೆ ಸುಮಾರು 70 ಲೀಟರ್ ಜಲಜನಕ ಸಿಗುತ್ತದೆ. ಒತ್ತಡದ ಸಿಲಿಂಡರ್ ಬೇಡ, ಅತಿಶೀತಲ ಟ್ಯಾಂಕ್ ಬೇಡ. ಆದರೆ ಕೋಣೆಯ ತಾಪಮಾನದಲ್ಲಿ ಈ ಪುಡಿ ನೀರಿನಲ್ಲಿ ಕರಗಿ ಸುಮ್ಮನಿರುತ್ತದೆ. ಅನಿಲ ಹೊರಬರಬೇಕಾದರೆ ವೇಗವರ್ಧಕ ಬೇಕು.

ಆ ಕೆಲಸಕ್ಕೆ ಪ್ಲಾಟಿನಂ ಚೆನ್ನಾಗಿ ಒದಗುತ್ತದೆಂದು 2006ರ ಸುಮಾರಿಗೆ ಜಪಾನಿನಲ್ಲಿ ಚಿಯಾಂಗ್ ಶು ತಂಡ ತೋರಿಸಿತು. ಅಗ್ಗದ ಲೋಹಗಳಲ್ಲಿ ಕೋಬಾಲ್ಟ್, ನಿಕಲ್, ತಾಮ್ರ ಪಾಸಾದವು. ಕಬ್ಬಿಣ ಬಹುತೇಕ ನಪಾಸಾಯಿತು. ನನಗೆ ಇಡೀ ಕಥೆಯಲ್ಲಿ ಬಹಳ ಹಿಡಿಸುವುದು ಇದರ ಮುಂದಿನ ತಿರುವು. ಕಬ್ಬಿಣವನ್ನು ಅಲ್ಲಿಗೇ ಬಿಡದೆ, 2008ರಲ್ಲಿ ಅದೇ ತಂಡ ಫೆರಸ್ ಸಲ್ಫೇಟ್ ದ್ರಾವಣಕ್ಕೆ ಬೋರೋಹೈಡ್ರೈಡ್ ಮತ್ತು ಅಮೋನಿಯಾ ಬೋರೇನ್ ಒಟ್ಟಿಗೆ ಬೆರೆಸಿತು. ದ್ರಾವಣದಲ್ಲೇ ಹುಟ್ಟಿದ ಕಬ್ಬಿಣದ ನ್ಯಾನೊ ಕಣಗಳು ಕೆಲವೇ ನಿಮಿಷದಲ್ಲಿ ಜಲಜನಕವನ್ನೆಲ್ಲ ಬಿಡಿಸಿದವು. ಮೊದಲೇ ತಯಾರಿಸಿಟ್ಟ ಸ್ಫಟಿಕರೂಪದ ಕಬ್ಬಿಣಕ್ಕೆ ಅದೇ ಕೆಲಸಕ್ಕೆ ಗಂಟೆಗಳೇ ಬೇಕಾದವು. ಹೊಸ ಕಣಗಳಲ್ಲಿ ಪರಮಾಣುಗಳು ಸಾಲಾಗಿ ಜೋಡಣೆಯಾಗಿರಲಿಲ್ಲ. ಆ ಅಸ್ತವ್ಯಸ್ತ ಮೇಲ್ಮೈಯಲ್ಲೇ ಕ್ರಿಯೆಗೆ ಹೆಚ್ಚು ಜಾಗ. ಕೆಲಸ ಮುಗಿದ ಮೇಲೆ ಅಯಸ್ಕಾಂತ ಹಿಡಿದು ಕಣಗಳನ್ನು ಮರಳಿ ಪಡೆಯಲೂಬಹುದು.

ಆ ವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಾಲಾಜಿ ಜಾಗೀರದಾರ್ ಮತ್ತು ಅವರ ವಿದ್ಯಾರ್ಥಿಗಳು ಕೋಬಾಲ್ಟ್, ನಿಕಲ್, ತಾಮ್ರದ ಸಾಮಾನ್ಯ ಲವಣಗಳು ಇದೇ ಕ್ರಿಯೆಗೆ ಹೇಗೆ ನೆರವಾಗುತ್ತವೆಂದು ಪ್ರಕಟಿಸಿದರು. ಆಕ್ಸೈಡ್ ಹೊದಿಕೆಯ ತಾಮ್ರದ ಕಣಗಳನ್ನೂ ಅವರು ಪರೀಕ್ಷಿಸಿದರು. ದುಬಾರಿ ಲೋಹದ ಹಂಗು ಬಿಡುವ ಯತ್ನದಲ್ಲಿ ಕರ್ನಾಟಕದ ಪಾಲು ಇದು, ಸಣ್ಣದೇನಲ್ಲ.

ಉಳಿದಿರುವ ತೊಡಕು ಕಬ್ಬಿಣದ್ದಲ್ಲ, ಬೋರಾನ್‌ನದು. ನೀರಿನೊಡನೆ ವರ್ತಿಸಿದ ಬೋರಾನ್ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದು ಬೋರೇಟ್ ಆಗುತ್ತದೆ. ಅದನ್ನು ಮತ್ತೆ ಇಂಧನವಾಗಿಸಲು ತುಂಬ ಶಕ್ತಿ ಸುರಿಯಬೇಕು. ಹಾಗಾಗಿ 2012ರಲ್ಲಿ ಕೆನಡಾದ ಟಾಮ್ ಬೇಕರ್ ತಂಡ ನೀರಿಲ್ಲದೆಯೇ, ಕರಗುವ ಕಬ್ಬಿಣದ ಸಂಯುಕ್ತಗಳಿಂದ ಜಲಜನಕ ಬಿಡಿಸಿತು. ಆಗ ಉಳಿಯುವುದು ಬೋರಾನ್-ಸಾರಜನಕದ ವಸ್ತು. ಅಂಥ ಶೇಷವನ್ನು ಹೈಡ್ರಜೀನ್ ಬಳಸಿ ಮರಳಿ ಅಮೋನಿಯಾ ಬೋರೇನ್ ಮಾಡಬಹುದೆಂದು ಲಾಸ್ ಅಲಾಮೋಸ್ ಪ್ರಯೋಗಾಲಯ 2011ರಲ್ಲೇ ತೋರಿಸಿತ್ತು. ಆದರೆ ಹೈಡ್ರಜೀನ್ ವಿಷಕಾರಿ, ಅಗ್ಗವೂ ಅಲ್ಲ.

ನೀರಿನ ದಾರಿಯಲ್ಲಿ ಉಳಿಯುವ ದ್ರವದಲ್ಲಿ ಅಮೋನಿಯಂ ಇದೆ, ಬೋರೇಟ್ ಇದೆ. ಎರಡೂ ಬೆಳೆಗೆ ಬೇಕಾದವು. ಹಾಗಾದರೆ ಹೊಲಕ್ಕೆ ಬಿಡಬಹುದೇ? ಅವಸರ ಸಲ್ಲದು: ಬೋರಾನ್ ಕೊರತೆಗೂ ವಿಷಕ್ಕೂ ನಡುವಿನ ಅಂತರ ಬಹಳ ಕಿರಿದು, ಒಣ ಎರೆಭೂಮಿಯಲ್ಲಿ ಹೆಚ್ಚಾದದ್ದು ಬೇಗ ತೊಳೆದೂ ಹೋಗದು. ಅಳೆದು ನೋಡದೆ ಹೇಳುವ ಮಾತಲ್ಲ ಅದು.

2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ₹19,744 ಕೋಟಿಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಧಾರವಾಡದಲ್ಲಿ ಐಐಟಿ ಇದೆ, ಕೃಷಿ ವಿಶ್ವವಿದ್ಯಾಲಯವೂ ಇದೆ. ರಸಾಯನ ಬಲ್ಲವರೂ ಮಣ್ಣು ಬಲ್ಲವರೂ ಒಂದೇ ಊರಲ್ಲಿರುವಾಗ, ಜಲಜನಕ ಬಿಟ್ಟ ಮೇಲೆ ಉಳಿಯುವ ಆ ದ್ರವವನ್ನು ಕುಂದಗೋಳ, ಕಲಘಟಗಿಯ ಮಣ್ಣಿನ ಮೇಲೆ ಕುಂಡಗಳಲ್ಲಾದರೂ ಪರೀಕ್ಷಿಸಿ ನೋಡಲಿ.