ಬರೀ ಬಂಡೆಯ ಮೇಲೆ ಕಾಡು

ಪ್ರಶ್ನೆ: ಸುಣ್ಣಕಲ್ಲು ತೆಗೆದು ಬಿಟ್ಟುಹೋದ ಗಣಿಯಲ್ಲಿ ಮಣ್ಣೇ ಇರುವುದಿಲ್ಲ. ಅಲ್ಲಿ ಕಾಡು ಬೆಳೆಯುವುದು ಹೇಗೆ?

ಮೊದಲು ಮಣ್ಣನ್ನೇ ಬೆಳೆಸಬೇಕು! ಕೀನ್ಯಾದ ಮೊಂಬಾಸಾ ಬಳಿ, ಬಂಬೂರಿ ಸಿಮೆಂಟ್ ಕಾರ್ಖಾನೆಯ ಹಳೇ ಗಣಿಯಲ್ಲಿ ರೆನೆ ಹಾಲರ್ 1971ರಲ್ಲಿ ಈ ಕೆಲಸಕ್ಕೆ ಕೈಹಾಕಿದರು. ಹಲವು ಜಾತಿಯ ಗಿಡ ನೆಟ್ಟು ನೋಡಿದಾಗ ಚೆನ್ನಾಗಿ ಬಾಳಿದ್ದು ನಮ್ಮ ಕರಾವಳಿಯಲ್ಲೂ ಕಾಣುವ ಗಾಳಿಮರ. ಅದರ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಮರಕ್ಕೆ ಉಣಿಸುತ್ತವೆ. ಆದರೆ ಉದುರಿದ ಸೂಜಿಯಂಥ ಎಲೆಗಳಲ್ಲಿ ಒಗರು ಹೆಚ್ಚು, ಸುಲಭಕ್ಕೆ ಕೊಳೆಯವು. ಅದಕ್ಕೆ ಸಿಕ್ಕ ಮದ್ದು ಚೋರಟೆ ಹುಳು. ತಂದು ಬಿಟ್ಟ ಚೋರಟೆಗಳು ಬೀಸುಕಲ್ಲಿನಂತೆ ಎಲೆಗಳನ್ನು ನುರಿಸಿ ಹಿಕ್ಕೆ ಹಾಕಿದವು. ಬ್ಯಾಕ್ಟೀರಿಯಾಗಳು ಅದನ್ನು ಕರಿಮಣ್ಣಾಗಿಸಿದವು. ಆ ಮಣ್ಣಲ್ಲಿ ಬೇರೆ ಗಿಡಗಳು ಬೇರುಬಿಟ್ಟವು. ಇಂದಿನ ಹಾಲರ್ ಪಾರ್ಕ್ ಅದೇ. ಜಿರಾಫೆ, ನೀರಾನೆಗಳು ಬಂದದ್ದು ಆಮೇಲಿನ ಮಾತು.