ಫೋರ್ ಬೈ ಫೋರ್ ಗಾಡಿ ಮಳೆಯಲ್ಲಿ ಜಾರೋದೇ ಇಲ್ವಾ? ಥಾರ್–ಜಿಮ್ನಿ ವಾದದ ಐದು ಮೆಸೇಜ್‌ಗಳು, ಅಸಲಿ ವಿಷಯ

ಫೆರಾರಿ ಮೇಲೋ, ಲ್ಯಾಂಬೋರ್ಗಿನಿ ಮೇಲೋ ಎಂದು ವಾದ ಮಾಡುವವರು ಮುಂಬೈ, ಬೆಂಗಳೂರಲ್ಲಿ ಇರಬಹುದು. ಬೆಳಗಾವಿ, ಖಾನಾಪುರದ ಕಡೆ ಗಾಡಿ ಹುಚ್ಚು ಇರುವವರ ವಾದವೇ ಬೇರೆ: ಮಹೀಂದ್ರಾ ಥಾರ್ ತಗೋಬೇಕೋ, ಮಾರುತಿ ಜಿಮ್ನಿ ತಗೋಬೇಕೋ? ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವವರಿಗೆ ಈ ಪ್ರಶ್ನೆ ಸಹಜವೇ.

ವಾದ ಮಾಡಲಿ, ತಪ್ಪೇನಿಲ್ಲ. ಆದರೆ ತಮ್ಮ ಗಾಡಿಯೇ ಹೆಚ್ಚು ಎಂದು ತೋರಿಸಲು ಹಂಚುವ ಕೆಲವು ಮೆಸೇಜ್‌ಗಳು ಅಪಾಯಕಾರಿ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಅಲ್ಲಿ ಬೀಳುವ ಮಳೆಗೂ ಬೆಳಗಾವಿ ನಗರದ ಮಳೆಗೂ ಹೋಲಿಕೆಯೇ ಇಲ್ಲ. ಅಂಥ ರಸ್ತೆಯಲ್ಲಿ ಮೆಸೇಜ್ ನಂಬಿ ಗಾಡಿ ಓಡಿಸಿದರೆ ಸೋಲುವುದು ವಾದವಲ್ಲ, ಒಳಗೆ ಕೂತವರ ಜೀವ. ಹಾಗಾಗಿ ಒಂದೊಂದಾಗಿ ನೋಡೋಣ.

ಮೆಸೇಜ್ 1: "ಫೋರ್ ಬೈ ಫೋರ್ ಇದ್ದರೆ ಮಳೆಯಲ್ಲೂ ಬ್ರೇಕ್ ಗಟ್ಟಿ ಹಿಡಿಯುತ್ತೆ"

ತಪ್ಪು. ಫೋರ್ ಬೈ ಫೋರ್ ಎಂದರೆ ಎಂಜಿನ್‌ನ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುತ್ತದೆ ಎಂದಷ್ಟೇ. ಅದರ ಕೆಲಸ ಗಾಡಿಯನ್ನು ಮುಂದಕ್ಕೆ ಎಳೆಯುವುದು. ಬ್ರೇಕ್ ಮಾತ್ರ ಸಾದಾ ಆಲ್ಟೊಗೂ ನಾಲ್ಕು ಚಕ್ರಕ್ಕೇ ಇರುತ್ತದೆ. ಕೆಸರಿನಲ್ಲಿ ಸಿಕ್ಕಿಕೊಂಡಾಗ ಫೋರ್ ಬೈ ಫೋರ್ ನಿಮ್ಮನ್ನು ಹೊರಗೆ ತರಬಹುದು. ತಿರುವಿನಲ್ಲಿ ಎದುರಿಗೆ ಲಾರಿ ಬಂದಾಗ ಗಾಡಿ ನಿಲ್ಲಿಸುವುದು ಬ್ರೇಕ್, ಟೈರು ಮತ್ತು ರಸ್ತೆಯ ನಡುವಿನ ಹಿಡಿತ.

ಸ್ವಲ್ಪ ಲೆಕ್ಕ ಹಾಕೋಣ. ಅಪಾಯ ಕಂಡು ಬ್ರೇಕ್ ಒತ್ತಲು ಚಾಲಕನಿಗೆ ಒಂದೂವರೆ ಸೆಕೆಂಡ್ ಬೇಕು ಎಂದುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅಷ್ಟರೊಳಗೇ ಗಾಡಿ 25 ಮೀಟರ್ ಹೋಗಿರುತ್ತದೆ. ಆಮೇಲೆ ಸಮತಟ್ಟಾದ ಒಣ ರಸ್ತೆಯಲ್ಲಿ ನಿಲ್ಲಲು ಸುಮಾರು 20 ಮೀಟರ್, ಒದ್ದೆಯಾಗಿ ಜಾರುವ ರಸ್ತೆಯಲ್ಲಿ ಸುಮಾರು 35 ಮೀಟರ್ ಬೇಕು. ಒಟ್ಟು 60 ಮೀಟರ್. ವೇಗ 80 ಆದರೆ ಒದ್ದೆ ರಸ್ತೆಯಲ್ಲಿ ಇದು 95 ಮೀಟರ್ ದಾಟುತ್ತದೆ. ಘಾಟ್ ಇಳಿಜಾರಿನಲ್ಲಿ ಇನ್ನೂ ಹೆಚ್ಚು. ಮಂಜು ಕವಿದ ಚೋರ್ಲಾದಲ್ಲಿ ಅಷ್ಟು ದೂರ ಕಣ್ಣಿಗೆ ಕಾಣುವುದೇ ಕಷ್ಟ. ಗಾಡಿ ಥಾರ್ ಆಗಿರಲಿ, ಜಿಮ್ನಿ ಆಗಿರಲಿ, ಈ ಲೆಕ್ಕ ಬದಲಾಗುವುದಿಲ್ಲ. ಟೈರು ಸವೆದಿದ್ದರೆ ಮಾತ್ರ ಬದಲಾಗುತ್ತದೆ, ಅದೂ ಕೆಟ್ಟದ್ದಕ್ಕೆ.

ಇದಕ್ಕೆ ಅಂಟಿಕೊಂಡೇ ಬರುವ ಇನ್ನೊಂದು ಸಲಹೆ, "ಘಾಟ್ ಪೂರ್ತಿ ಫೋರ್-ಎಚ್‌ನಲ್ಲೇ ಓಡಿಸಿ." ಇದೂ ಸರಿಯಲ್ಲ. ಈ ಎರಡೂ ಗಾಡಿಗಳಲ್ಲಿರುವುದು ಬೇಕಾದಾಗ ಮಾತ್ರ ಹಾಕಿಕೊಳ್ಳುವ ವ್ಯವಸ್ಥೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಫೋರ್-ಎಚ್ ಹಾಕಿದಾಗ ಮುಂದಿನ ಮತ್ತು ಹಿಂದಿನ ಆಕ್ಸಲ್ ಒಂದಕ್ಕೊಂದು ಬಿಗಿದುಕೊಳ್ಳುವುದರಿಂದ ಆ ವ್ಯತ್ಯಾಸಕ್ಕೆ ಜಾಗವೇ ಇರುವುದಿಲ್ಲ. ಕೆಸರಿನಲ್ಲಿ ಟೈರು ಸ್ವಲ್ಪ ಜಾರಿ ಸರಿಹೋಗುತ್ತದೆ. ಗಟ್ಟಿ ಡಾಂಬರಿನಲ್ಲಿ ಸ್ಟೀರಿಂಗ್ ಬಿಗಿಯಾಗುತ್ತದೆ, ಗೇರ್ ವ್ಯವಸ್ಥೆಯ ಮೇಲೆ ಒತ್ತಡ ಬೀಳುತ್ತದೆ. ಡಾಂಬರಿಗೆ ಟು-ಎಚ್, ಕೆಸರು, ಮರಳು, ಜಾರುವ ಮಣ್ಣಿಗೆ ಫೋರ್-ಎಚ್.

ಇನ್ನೊಂದು ಮಾತು: ಥಾರ್ ಎಂದ ಮಾತ್ರಕ್ಕೆ ಫೋರ್ ಬೈ ಫೋರ್ ಅಲ್ಲ. 2023ರ ಜನವರಿಯಿಂದ ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ ಕೊಡುವ ಥಾರ್ ಕೂಡ ಮಾರಾಟಕ್ಕಿದೆ. ಹಳೆಯ ಗಾಡಿ ಕೊಳ್ಳುವವರು ನೋಡಿಕೊಳ್ಳಿ.

ಮೆಸೇಜ್ 2: "ಭಾರದ ಗಾಡಿ ಜಾರಲ್ಲ, ಹಗುರ ಗಾಡಿ ಡಬ್ಬಾ"

ಅರ್ಧ ಸತ್ಯ. ಜಿಮ್ನಿ ಸುಮಾರು 1,200 ಕೆ.ಜಿ. ಥಾರ್ ಅದಕ್ಕಿಂತ ಸುಮಾರು ಅರ್ಧ ಟನ್ ಹೆಚ್ಚು. ಭಾರ ಹೆಚ್ಚಾದರೆ ಟೈರಿನ ಹಿಡಿತ ಹೆಚ್ಚುತ್ತದೆ, ನಿಜ. ಆದರೆ ನಿಲ್ಲಿಸಬೇಕಾದ ಭಾರವೂ ಅಷ್ಟೇ ಹೆಚ್ಚುತ್ತದೆ. ಒಂದಕ್ಕೊಂದು ವಜಾ ಆಗಿ ನಿಲ್ಲುವ ದೂರ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ.

ಭಾರದ ಲಾಭ ಇರುವುದು ಹಗುರ ಗಾಡಿಯ ಜೊತೆ ಡಿಕ್ಕಿಯಾದಾಗ. ಆಗ ಭಾರದ ಗಾಡಿಯೊಳಗಿನವರಿಗೆ ಪೆಟ್ಟು ಕಡಿಮೆ. ಮರಕ್ಕೋ ಗುಡ್ಡಕ್ಕೋ ಗುದ್ದಿದರೆ ಆ ಲಾಭವಿಲ್ಲ.

ಇಳಿಜಾರಿನಲ್ಲಿ ಭಾರವೇ ಹೊರೆ. 500 ಮೀಟರ್ ಎತ್ತರದಿಂದ ಇಳಿದರೆ, ಆ ಭಾರದ ಶಕ್ತಿಯೆಲ್ಲ ಎಲ್ಲೋ ಒಂದು ಕಡೆ ಕರಗಬೇಕು. ಬರೀ ಬ್ರೇಕ್ ಒತ್ತುತ್ತಲೇ ಇಳಿದರೆ ಅದರಲ್ಲಿ ಬಹುಪಾಲು ಬ್ರೇಕಿನಲ್ಲಿ ಬಿಸಿಯಾಗುತ್ತದೆ. ಬ್ರೇಕ್ ಅತಿಯಾಗಿ ಕಾದರೆ ಹಿಡಿಯುವುದನ್ನೇ ಬಿಡಬಹುದು. ಅದಕ್ಕೇ ಕಡಿಮೆ ಗೇರಿನಲ್ಲಿ ಇಳಿಯಬೇಕು. ಆಗ ಎಂಜಿನ್ನೇ ಗಾಡಿಯನ್ನು ಹಿಂದಕ್ಕೆ ಹಿಡಿಯುತ್ತದೆ.

"ನ್ಯೂಟ್ರಲ್‌ನಲ್ಲಿ ಇಳಿದರೆ ಪೆಟ್ರೋಲ್ ಉಳಿಯುತ್ತೆ" ಎಂಬುದನ್ನೂ ಇಲ್ಲೇ ಮುಗಿಸೋಣ. ಈಗಿನ ಫ್ಯೂಯೆಲ್ ಇಂಜೆಕ್ಷನ್ ಗಾಡಿಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನವನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಬಂದ್ ಆಗದಿರಲು ಇಂಧನ ಸುಡುತ್ತಲೇ ಇರಬೇಕು. ಅಂದರೆ ಉಳಿತಾಯವೂ ಇಲ್ಲ, ಎಂಜಿನ್‌ನ ಹಿಡಿತವೂ ಇಲ್ಲ.

ಮೆಸೇಜ್ 3: "150 ಹಾರ್ಸ್ ಪವರ್ ಮುಂದೆ 105 ಏನು ಲೆಕ್ಕ?"

ಥಾರ್‌ನ 2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ 150 ಪಿಎಸ್, ಜಿಮ್ನಿಯ 1.5 ಲೀಟರ್ ಪೆಟ್ರೋಲ್ ಎಂಜಿನ್ 105 ಪಿಎಸ್. ಅಂಕಿ ಸರಿ, ತೀರ್ಮಾನ ಅವಸರದ್ದು. ಸ್ಪೋರ್ಟ್ಸ್ ಕಾರ್ ಪ್ರಿಯರು ನೋಡುವುದು ಬರೀ ಪವರ್ ಅಲ್ಲ, ಒಂದು ಟನ್ ಭಾರಕ್ಕೆ ಎಷ್ಟು ಪವರ್ ಎಂಬುದು. ಆ ಲೆಕ್ಕದಲ್ಲಿ ಜಿಮ್ನಿಗೆ ಟನ್ನಿಗೆ ಸುಮಾರು 87, ಥಾರ್‌ಗೂ ಹೆಚ್ಚುಕಡಿಮೆ ಅಷ್ಟೇ.

ಹಾಗಾದರೆ ಥಾರ್ ಏರಿನಲ್ಲಿ ಯಾಕೆ ಸಲೀಸಾಗಿ ಎಳೆಯುತ್ತದೆ? ಉತ್ತರ ಟಾರ್ಕ್‌ನಲ್ಲಿದೆ, ಅಂದರೆ ಎಂಜಿನ್ ತಿರುಗಿಸುವ ಬಲ. ಥಾರ್ ಪೆಟ್ರೋಲ್‌ಗೆ ಅದು 300 ನ್ಯೂಟನ್ ಮೀಟರ್ ಅಥವಾ ಹೆಚ್ಚು, ಅದೂ ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗಲೇ ಸಿಗುತ್ತದೆ. ಜಿಮ್ನಿಗೆ 134. ಹಾಗಾಗಿ ಮಂದಿ, ಸಾಮಾನು ತುಂಬಿಕೊಂಡು ಘಾಟ್ ಏರುವಾಗ ಜಿಮ್ನಿಯಲ್ಲಿ ಗೇರ್ ಹೆಚ್ಚು ಬದಲಿಸಬೇಕು. ಈ ಸುತ್ತಿನಲ್ಲಿ ಥಾರ್ ಪಕ್ಷದವರ ಮಾತಿನಲ್ಲಿ ಹುರುಳಿದೆ.

ಮೆಸೇಜ್ 4: "ಥಾರ್‌ಗೆ ನಾಲ್ಕು ಸ್ಟಾರ್, ಜಿಮ್ನಿಗೆ ಮೂರೇ ಸ್ಟಾರ್"

ದಾರಿ ತಪ್ಪಿಸುವ ಹೋಲಿಕೆ. ಥಾರ್‌ಗೆ ನಾಲ್ಕು ಸ್ಟಾರ್ ಕೊಟ್ಟದ್ದು ಗ್ಲೋಬಲ್ ಎನ್‌ಕ್ಯಾಪ್, 2020ರಲ್ಲಿ. ಜಿಮ್ನಿಯ ಮೂರು ಸ್ಟಾರ್ ಯುರೋ ಎನ್‌ಕ್ಯಾಪ್ 2018ರಲ್ಲಿ ಕೊಟ್ಟದ್ದು, ಅದೂ ಯುರೋಪಿನಲ್ಲಿ ಮಾರಿದ ಮೂರು ಬಾಗಿಲಿನ ಮಾದರಿಗೆ. ನಮ್ಮಲ್ಲಿ 2023ರ ಜೂನ್‌ನಲ್ಲಿ ಬಂದದ್ದು ಐದು ಬಾಗಿಲಿನ ಜಿಮ್ನಿ. ಎರಡು ಪರೀಕ್ಷೆಗಳ ನಿಯಮಗಳೂ ಬೇರೆ, ಅಂಕ ಕೊಡುವ ರೀತಿಯೂ ಬೇರೆ. ಎಸ್ಸೆಸ್ಸೆಲ್ಸಿ ಅಂಕವನ್ನೂ ಪಿಯುಸಿ ಅಂಕವನ್ನೂ ಪಕ್ಕದಲ್ಲಿಟ್ಟು ಯಾರು ಜಾಣರು ಎಂದು ಹೇಳಿದ ಹಾಗೆ. ಇದರಿಂದ ಜಿಮ್ನಿ ಹೆಚ್ಚು ಸುರಕ್ಷಿತ ಎಂದೂ ಆಗುವುದಿಲ್ಲ, ಕಡಿಮೆ ಎಂದೂ ಆಗುವುದಿಲ್ಲ. ಸ್ಟಾರ್ ಎಷ್ಟೇ ಇದ್ದರೂ ಸೀಟ್ ಬೆಲ್ಟ್ ಹಾಕದವರಿಗೆ ಅದು ಅನ್ವಯಿಸುವುದಿಲ್ಲ. ಹಿಂದಿನ ಸೀಟಿನಲ್ಲಿ ಕೂತವರಿಗೂ ಇದೇ ಮಾತು.

ಮೆಸೇಜ್ 5: "650 ಮಿ.ಮೀ. ನೀರಿನಲ್ಲೂ ಹೋಗುತ್ತೆ, ಕಂಪನಿಯೇ ಹೇಳಿದೆ"

ಐದರಲ್ಲಿ ಅತಿ ಅಪಾಯದ ಮೆಸೇಜ್ ಇದೇ. ಥಾರ್ 650 ಮಿ.ಮೀ. ಆಳದ ನೀರು ದಾಟಬಲ್ಲದು ಎಂದು ಕಂಪನಿ ಹೇಳಿರುವುದು ನಿಜ. ಆದರೆ ಅದು ನಿಂತ ನೀರಿನಲ್ಲಿ, ತಳ ಗಟ್ಟಿ ಇದ್ದಾಗ, ನಿಧಾನವಾಗಿ ಹೋದರೆ ಅನ್ವಯಿಸುವ ಮಾತು. ಮಳೆಗಾಲದ ಹಳ್ಳದ ನೀರು ನಿಂತಿರುವುದಿಲ್ಲ.

ಗಾಡಿ ತೇಲುವುದು ಹೇಗೆ ಎಂದು ನೋಡಿ. ಒಂದು ವಸ್ತು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೋ, ಅಷ್ಟು ನೀರಿನ ತೂಕದಷ್ಟು ಬಲ ಅದನ್ನು ಮೇಲಕ್ಕೆ ಎತ್ತುತ್ತದೆ. ಗಾಡಿಯ ತಳದ ವಿಸ್ತೀರ್ಣ ಸುಮಾರು 6 ಚದರ ಮೀಟರ್ ಎಂದುಕೊಳ್ಳಿ. ನೀರು ತಳ ಮುಟ್ಟಿ ಇನ್ನು 20 ಸೆಂ.ಮೀ. ಏರಿದರೆ 1,200 ಲೀಟರ್, ಅಂದರೆ 1,200 ಕೆ.ಜಿ. ನೀರು ಸರಿದಂತಾಯಿತು. ನೀರು ಒಳಗೆ ನುಗ್ಗುವವರೆಗೆ ಜಿಮ್ನಿಯ ಪೂರ್ತಿ ಭಾರ ಎತ್ತಲು ಅಷ್ಟು ಸಾಕು. ಥಾರ್‌ಗೆ ಇನ್ನು ಎಂಟು–ಹತ್ತು ಸೆಂ.ಮೀ. ಹೆಚ್ಚು ಬೇಕು, ಅಷ್ಟೇ ವ್ಯತ್ಯಾಸ. ಪೂರ್ತಿ ತೇಲುವ ಮೊದಲೇ ಚಕ್ರದ ಹಿಡಿತ ಸಡಿಲವಾಗುತ್ತದೆ, ಪಕ್ಕದಿಂದ ಹರಿವು ತಳ್ಳುತ್ತದೆ. ನೀರಿನ ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಸುಮಾರು 60 ಸೆಂ.ಮೀ. ಹರಿಯುವ ನೀರು ಎಸ್‌ಯುವಿಗಳನ್ನೂ ಕೊಚ್ಚಿಕೊಂಡು ಹೋಗಬಲ್ಲದು.

ಜೊತೆಗೆ, ಕೆಂಪು ನೀರಿನ ಕೆಳಗೆ ರಸ್ತೆ ಇದೆಯೋ ಕಿತ್ತು ಹೋಗಿದೆಯೋ ಎಂದು ಯಾವ ಗಾಡಿಗೂ ಗೊತ್ತಾಗುವುದಿಲ್ಲ. ನೀರು ಎಂಜಿನ್ ಒಳಗೆ ಹೋಗಿ ಗಾಡಿ ಬಂದ್ ಆದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ನೀರನ್ನು ಗಾಳಿಯಂತೆ ಒತ್ತಲಾಗದೆ ಎಂಜಿನ್‌ನ ಭಾಗಗಳೇ ಬಾಗುತ್ತವೆ. ಎಂಜಿನ್ ಪ್ರೊಟೆಕ್ಷನ್ ಸೇರಿಸಿಕೊಳ್ಳದ ವಿಮೆಯಲ್ಲಿ ಇಂಥ ಹಾನಿಗೆ ಸಾಮಾನ್ಯವಾಗಿ ಹಣ ಸಿಗುವುದಿಲ್ಲ.

"ಹಳ್ಳ ದಾಟುವ ಮಜಾ" ಎಂದು ಕಾಡಿನ ದಾರಿ ಹಿಡಿಯುವವರಿಗೆ ಕಾನೂನೂ ಇದೆ. ಖಾನಾಪುರ ತಾಲ್ಲೂಕಿನ ಭೀಮಗಡ 2011ರಲ್ಲಿ ವನ್ಯಜೀವಿಧಾಮವಾಗಿದೆ. ಅನುಮತಿಯಿಲ್ಲದೆ ಒಳಗೆ ಗಾಡಿ ನುಗ್ಗಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಹಾಗಾದರೆ ಯಾವುದು ತಗೋಬೇಕು?

ಅದು ನಿಮ್ಮ ಬಳಕೆಗೆ ಬಿಟ್ಟದ್ದು. ಹಿಂದಿನ ಸೀಟಿಗೆ ಅಜ್ಜಿ, ಮಕ್ಕಳು ಹತ್ತಿ ಇಳಿಯಬೇಕಿದ್ದರೆ ಜಿಮ್ನಿಗೆ ಹಿಂದೆಯೂ ಎರಡು ಬಾಗಿಲಿವೆ. ಥಾರ್‌ನಲ್ಲಿ ಅದು ಬೇಕೆಂದರೆ 2024ರಲ್ಲಿ ಬಂದ ಥಾರ್ ರಾಕ್ಸ್ ನೋಡಬೇಕು. ಖಡೇಬಜಾರ್, ಗಣಪತ್ ಗಲ್ಲಿಯ ಇಕ್ಕಟ್ಟಿನಲ್ಲಿ ದಿನಾ ಓಡಾಡುವುದಿದ್ದರೆ 1,645 ಮಿ.ಮೀ. ಅಗಲದ ಜಿಮ್ನಿ 1,820 ಮಿ.ಮೀ. ಅಗಲದ ಥಾರ್‌ಗಿಂತ ಸುಲಭ. ಡೀಸೆಲ್ ಬೇಕು, ಭಾರ ಹೊತ್ತು ಏರು ಹತ್ತಬೇಕು ಎನ್ನುವವರಿಗೆ ಥಾರ್. ತಳದ ಎತ್ತರ ಥಾರ್‌ಗೆ 226, ಜಿಮ್ನಿಗೆ 210 ಮಿ.ಮೀ. ಇಷ್ಟು ಸಣ್ಣ ವ್ಯತ್ಯಾಸಕ್ಕಾಗಿ ಗಾಡಿಯನ್ನು ಇನ್ನೂ ಎತ್ತರಿಸಿ ದೊಡ್ಡ ಟೈರು ಹಾಕಿಸಿದರೆ ಅದು ಪಲ್ಟಿಯಾಗುವ ಸಾಧ್ಯತೆ ಹೆಚ್ಚುತ್ತದೆ. ಗಾಡಿಯ ಮೂಲ ರಚನೆ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂನ ನಿರ್ಬಂಧವೂ ಇದೆ.

ಫಾರ್ವರ್ಡ್ ಮಾಡುವ ಮುನ್ನ

ಗಾಡಿಯ ಬಗ್ಗೆ ಮೆಸೇಜ್ ಬಂದಾಗ ಮೂರು ಪ್ರಶ್ನೆ ಕೇಳಿ. ಅಂಕಿಯನ್ನು ಯಾವ ಪರಿಸ್ಥಿತಿಯಲ್ಲಿ ಅಳೆದದ್ದು? ಹೋಲಿಸಿದ್ದು ಒಂದೇ ಪರೀಕ್ಷೆ, ಒಂದೇ ಮಾದರಿಯನ್ನೋ? ಇದನ್ನು ನಂಬಿ ಯಾರಾದರೂ ಹಾಗೆಯೇ ಓಡಿಸಿದರೆ ಏನಾಗುತ್ತದೆ? ಗ್ರೂಪಿನಲ್ಲಿ ಮೊನ್ನೆ ಲೈಸೆನ್ಸ್ ಪಡೆದ ಹುಡುಗರೂ ಇರುತ್ತಾರೆ, ನಾಳೆ ಬೆಳಿಗ್ಗೆ ಘಾಟ್ ಇಳಿಯುವವರೂ ಇರುತ್ತಾರೆ.

ಅವರಿಗೆ ಕಳಿಸುವುದಿದ್ದರೆ ಇಷ್ಟು ಕಳಿಸಿ: ಟೈರು ನೋಡಿಕೊಳ್ಳಿ, ಮಳೆಯಲ್ಲಿ ವೇಗ ಇಳಿಸಿ, ಘಾಟ್ ಕಡಿಮೆ ಗೇರಿನಲ್ಲಿ ಇಳಿಯಿರಿ, ಎಲ್ಲರೂ ಬೆಲ್ಟ್ ಹಾಕಿ. ಸೇತುವೆ ಮೇಲೆ ನೀರು ಹರಿಯುತ್ತಿದ್ದರೆ, ಗಾಡಿ ಯಾವುದೇ ಇರಲಿ, ಹಿಂದಕ್ಕೆ ತಿರುಗಿಸಿ.