ಬಚ್ಚಲಮನೆಯ ಬಾಬ್ತು: ಕೂದಲು, ಚರ್ಮದ ಆರೈಕೆಯ ಖರ್ಚಿಗೊಂದು ಲೆಕ್ಕ

ವರ್ತಕರ ಮನೆಯಲ್ಲಿ ಲೆಕ್ಕಕ್ಕೆ ಸಿಗದೆ ಜಾರಿಹೋಗುವ ಖರ್ಚು ಯಾವುದೆಂದು ಕೇಳಿದರೆ ಮದುವೆ, ಯಾತ್ರೆಗಳ ಹೆಸರು ಬರುವುದುಂಟು. ಆದರೆ ಅವು ದೊಡ್ಡ ಮೊತ್ತಗಳಾದ್ದರಿಂದ ವರ್ಷಾನುಗಟ್ಟಲೆ ನೆನಪಿನಲ್ಲಿ ಉಳಿಯುತ್ತವೆ. ನಿಜವಾಗಿ ಜಾರಿಹೋಗುವುದು ಬಚ್ಚಲಮನೆಯ ಸಾಮಾನು. ಶಾಂಪೂ, ಸಾಬೂನು, ತಲೆಗೆ ಹಚ್ಚುವ ಎಣ್ಣೆ, ಮುಖಕ್ಕೆ ಹಚ್ಚುವ ಕ್ರೀಮು ಇವೆಲ್ಲ ಸಣ್ಣ ಸಣ್ಣ ಮೊತ್ತಗಳಲ್ಲಿ ಮನೆ ಸೇರುತ್ತವೆ. ಕಿರಾಣಿ ಅಂಗಡಿ ಇಟ್ಟವರ ಮನೆಗಂತೂ ಹಣವನ್ನೇ ಕೇಳದೆ ಬರುತ್ತವೆ.

ರಾಮನಗರ ತಾಲ್ಲೂಕಿನ ಕೈಲಾಂಚವನ್ನೇ ನೋಡಬಹುದು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೊಸ ಹೆಸರು ಬಂದರೂ ಈ ಹೋಬಳಿಯ ಬದುಕು ಹಿಪ್ಪುನೇರಳೆ, ಮಾವು, ತೆಂಗು, ರಾಗಿಗಳನ್ನೇ ನೆಚ್ಚಿಕೊಂಡಿದೆ. ಇಂಥ ಹೋಬಳಿ ಕೇಂದ್ರದ ಅಂಗಡಿಗಳಲ್ಲಿ ಒಂದು ರೂಪಾಯಿಯ ಶಾಂಪೂ ಪ್ಯಾಕೆಟ್ಟುಗಳ ಸರಗಳು ತೋರಣದಂತೆ ತೂಗುತ್ತಿರುತ್ತವೆ. ಮನೆಯವರಿಗೆ ಬೇಕೆನಿಸಿದಾಗ ಅದೇ ಸರದಿಂದ ನಾಲ್ಕನ್ನು ಹರಿದು ಒಳಗೆ ಕೊಡುವುದು ರೂಢಿ. ಅದನ್ನು ಯಾರೂ ಖರ್ಚೆಂದು ಭಾವಿಸುವುದಿಲ್ಲ. ಲೆಕ್ಕಪತ್ರದ ದೃಷ್ಟಿಯಲ್ಲಿ ಮಾತ್ರ ಅದು ಮಾಲೀಕನು ವ್ಯಾಪಾರದಿಂದ ಹೊರತೆಗೆದ ಬಂಡವಾಳ. ಖರೀದಿ ಖಾತೆಗೆ ಸೇರಿದ ಮಾಲು ಮಾರಾಟದಲ್ಲಿ ಕಾಣಿಸದಿದ್ದರೆ ಒಟ್ಟು ಲಾಭದ ಪ್ರಮಾಣ ಕುಸಿದಂತೆ ತೋರುತ್ತದೆ. ಅಂಥ ಮಾಲನ್ನು ಖರೀದಿ ಬೆಲೆಯಲ್ಲಿ ಡ್ರಾಯಿಂಗ್ಸ್ ಖಾತೆಗೆ ಬರೆಯಬೇಕು. ಜಿ.ಎಸ್.ಟಿ. ನೋಂದಣಿ ಇರುವವರು ಸ್ವಂತ ಬಳಕೆಯ ಮಾಲಿನ ಮೇಲೆ ಹೂಡುವಳಿ ತೆರಿಗೆಯ ಜಮೆಯನ್ನೂ ಪಡೆಯುವಂತಿಲ್ಲ, ಪಡೆದಿದ್ದರೆ ಹಿಂತಿರುಗಿಸಬೇಕು. ಈ ನಿಯಮಪಾಲನೆಯಿಂದ ಇನ್ನೊಂದು ಲಾಭವೂ ಉಂಟು. ಮೂರು ತಿಂಗಳು ಹೀಗೆ ಬರೆದಿಟ್ಟ ಮೇಲೆಯೇ ಮನೆಯ ಬಚ್ಚಲಿಗೆ ಎಷ್ಟು ಹೋಗುತ್ತಿದೆಯೆಂಬುದು ತಿಳಿಯುತ್ತದೆ.

ಉಳಿತಾಯದ ಮಾತು ಬಂದೊಡನೆ ಹಲವರು ನೇರವಾಗಿ ಸೀಗೆಕಾಯಿಯ ಕಡೆಗೆ ತಿರುಗುತ್ತಾರೆ. ಅದಕ್ಕೆ ಮೊದಲು ಪ್ಯಾಕೆಟ್ಟನ್ನೂ ಬಾಟಲಿಯನ್ನೂ ಹೋಲಿಸುವುದು ಒಳ್ಳೆಯದು. ಸಗಟು ಕೊಂಡರೆ ಅಗ್ಗ ಎಂಬುದು ವ್ಯಾಪಾರದ ಸಾಮಾನ್ಯ ನಿಯಮವಾದರೂ ಶಾಂಪೂ ವಿಷಯದಲ್ಲಿ ಅದು ತಲೆಕೆಳಗು. ತಮಿಳುನಾಡಿನ ಕಡಲೂರಿನಲ್ಲಿ ಚಿನ್ನಿ ಕೃಷ್ಣನ್ ಅವರು ವೆಲ್ವೆಟ್ ಶಾಂಪೂವನ್ನು ಪ್ಯಾಕೆಟ್ಟಿನಲ್ಲಿ ಮಾರಿದರು. ಅವರ ಮಗ ಸಿ.ಕೆ. ರಂಗನಾಥನ್ ಅವರು 1983ರಲ್ಲಿ ಚಿಕ್ ಶಾಂಪೂ ಆರಂಭಿಸಿದರು. ಅಂದಿನಿಂದ ಈ ಮಾರುಕಟ್ಟೆ ನಡೆದಿರುವುದು ಕೂಲಿಕಾರನ ಜೇಬಿನ ನಾಣ್ಯವನ್ನು ನೋಡಿಕೊಂಡು. ಬಾಟಲಿ ಮಾತ್ರ ಪೇಟೆಯ ಮಧ್ಯಮವರ್ಗದ ಅನುಕೂಲಕ್ಕೆ ಬೆಲೆ ಕಟ್ಟಿಕೊಂಡು ಬೆಳೆಯಿತು.

ಉದಾಹರಣೆಗೆ, ಮೂವರು ಗಂಡಸರು, ಇಬ್ಬರು ಹೆಂಗಸರಿರುವ ಮನೆಯಲ್ಲಿ ಎಲ್ಲರೂ ವಾರಕ್ಕೆರಡು ಬಾರಿ ತಲೆಸ್ನಾನ ಮಾಡುತ್ತಾರೆಂದು ಇಟ್ಟುಕೊಳ್ಳೋಣ. ಗಂಡಸರಿಗೆ ಸಲಕ್ಕೊಂದು, ಉದ್ದ ಕೂದಲಿನ ಹೆಂಗಸರಿಗೆ ಎರಡರಂತೆ ವಾರಕ್ಕೆ 14 ಪ್ಯಾಕೆಟ್, ವರ್ಷಕ್ಕೆ 728 ಪ್ಯಾಕೆಟ್, ಅಂದರೆ 728 ರೂಪಾಯಿ. ಪ್ಯಾಕೆಟ್ಟಿನಲ್ಲಿ 5 ಮಿಲಿಲೀಟರ್ ಇದ್ದು, ಬಾಟಲಿಯ ದರ ಮಿಲಿಲೀಟರಿಗೆ 70 ಪೈಸೆ ಆಗಿದ್ದರೆ, ಅಷ್ಟೇ ಶಾಂಪೂವಿಗೆ ಬಾಟಲಿಯಲ್ಲಿ 2,548 ರೂಪಾಯಿ ತೆರಬೇಕಾಗುತ್ತದೆ. ವ್ಯತ್ಯಾಸ 1,820 ರೂಪಾಯಿ. ಇದು ಅಳತೆ ಸಮವಾಗಿದ್ದಾಗಿನ ಲೆಕ್ಕ. ಬಾಟಲಿಯಿಂದ ಅಂಗೈಗೆ ಸುರಿದುಕೊಳ್ಳುವಾಗ ಅಳತೆ ನೋಡುವವರು ವಿರಳ. ದರಗಳು ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತವೆ. ಈಗ ಪೊಟ್ಟಣಗಳ ಮೇಲೆ ಗರಿಷ್ಠ ಮಾರಾಟ ಬೆಲೆಯ ಜೊತೆಗೆ ಗ್ರಾಂ ಅಥವಾ ಮಿಲಿಲೀಟರಿನ ಬಿಡಿ ದರವನ್ನೂ ಅಚ್ಚುಮಾಡುವ ಪದ್ಧತಿ ಬಂದಿರುವುದರಿಂದ ಯಾರು ಬೇಕಾದರೂ ತಮ್ಮ ಲೆಕ್ಕವನ್ನು ತಾವೇ ಹಾಕಬಹುದು. ಖಾಲಿ ಪ್ಯಾಕೆಟ್ಟುಗಳು ಊರಿನ ಚರಂಡಿಯನ್ನು ಸೇರುತ್ತವೆಂಬ ದೂರು ನಿಜವಾದದ್ದೇ. ಆ ಖರ್ಚು ಮನೆಯ ಖಾತೆಗೆ ಬಾರದೆ ಪಂಚಾಯಿತಿಯ ಖಾತೆಗೆ ಹೋಗುತ್ತದೆ, ಅಷ್ಟೆ.

ಇನ್ನು ಚಿಗರೆಪುಡಿ. ಹಳೆಯ ಮೈಸೂರು ಸೀಮೆಯಲ್ಲಿ ಎಣ್ಣೆಸ್ನಾನದ ದಿನ ತಲೆಯ ಜಿಡ್ಡು ತೆಗೆಯಲು ಬಳಸುವ ಈ ಹಸಿರು ಪುಡಿ ಅಲ್ಬಿಜಿಯಾ ಅಮಾರಾ ಎಂಬ ಮರದ ಎಲೆಯಿಂದ ತಯಾರಾಗುತ್ತದೆ. ಮಾಗಡಿಯ ಸಾವನದುರ್ಗದಂಥ ಒಣ ಕುರುಚಲು ಕಾಡುಗಳಲ್ಲಿ ಬೆಳೆಯುವ ಮರವಿದು. ಗ್ರಂಧಿಗೆ ಅಂಗಡಿಯಲ್ಲಿ ಕಿಲೋಗ್ರಾಮಿಗೆ 200 ರೂಪಾಯಿ ಕೊಟ್ಟು ಕೊಂಡು, ತಲೆಗೆ ಸಲಕ್ಕೆ 20 ಗ್ರಾಂ ಬಳಸಿದರೆ ಒಂದು ಸ್ನಾನಕ್ಕೆ 4 ರೂಪಾಯಿ ಬೀಳುತ್ತದೆ. ಬಾಟಲಿ ಶಾಂಪೂವಿನಿಂದ ಉದ್ದ ಕೂದಲು ತೊಳೆಯಲು ಮೇಲಿನ ದರದಲ್ಲಿ 7 ರೂಪಾಯಿ, ಎರಡು ಪ್ಯಾಕೆಟ್ಟಿಗೆ 2 ರೂಪಾಯಿ. ಆದ್ದರಿಂದ ಗ್ರಂಧಿಗೆ ಅಂಗಡಿಯ ಪುಡಿಯು ಬಾಟಲಿಗಿಂತ ಅಗ್ಗ, ಪ್ಯಾಕೆಟ್ಟಿಗಿಂತ ದುಬಾರಿ. ನೈಸರ್ಗಿಕವಾದುದೆಲ್ಲ ಅಗ್ಗವೆಂಬ ನಂಬಿಕೆ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಹೊಲದ ಬದುವಿನಲ್ಲಿ ಮರವಿದ್ದವರ ಮಾತು ಬೇರೆ. ಎಲೆಯನ್ನು ನೆರಳಿನಲ್ಲಿ ಒಣಗಿಸಿ, ಪುಡಿಮಾಡಿ, ಬಟ್ಟೆಯಲ್ಲಿ ಸೋಸಿಟ್ಟುಕೊಂಡರೆ ಖರ್ಚು ಮಿಲ್ಲಿನ ಕೂಲಿಯಷ್ಟೇ. ಅರಣ್ಯ ಇಲಾಖೆಯ ಕಾಡಿನಿಂದ ಅನುಮತಿಯಿಲ್ಲದೆ ಸೊಪ್ಪು ತರುವುದು ಅಪರಾಧವೆಂಬುದನ್ನು ಇಲ್ಲಿ ಹೇಳಲೇಬೇಕು. ಸೀಗೆಕಾಯಿ, ಅಂಟುವಾಳಗಳ ಲೆಕ್ಕವೂ ಹೆಚ್ಚುಕಡಿಮೆ ಇದೇ. ಅಂಟುವಾಳದ ನೊರೆ ಕಣ್ಣಿಗೆ ಬಿದ್ದರೆ ಉರಿ ತಡೆಯಲಾಗದು, ಮಕ್ಕಳ ತಲೆಗೆ ಎಚ್ಚರ ಬೇಕು. ಕಂಡೀಷನರ್ ವಿಷಯದಲ್ಲಿ ಮಾತ್ರ ಮನೆಮದ್ದಿನ ಗೆಲುವು ನಿಸ್ಸಂದೇಹ. ಬೇಲಿಯ ದಾಸವಾಳದ ಎಲೆಯನ್ನೋ ರಾತ್ರಿ ನೆನೆಸಿದ ಎರಡು ಚಮಚ ಮೆಂತ್ಯವನ್ನೋ ಅರೆದು ಹಚ್ಚಿದರೆ ಕೂದಲು ನಯವಾಗುತ್ತದೆ, ಒಂದು ಬಾಟಲಿಯ ಬೆಲೆ ಪೂರ್ತಿ ಉಳಿಯುತ್ತದೆ.

ಕೊಬ್ಬರಿ ಎಣ್ಣೆಯ ಕಥೆ ವರ್ತಕರಿಗೆ ಹೆಚ್ಚು ಸ್ವಾರಸ್ಯದ್ದು. ಒಂದೇ ಎಣ್ಣೆ ಅಡುಗೆಮನೆಗೆ ಹೋದರೆ ಖಾದ್ಯತೈಲ, ಬಚ್ಚಲಿಗೆ ಹೋದರೆ ಕೇಶತೈಲ. 2017ರ ಜುಲೈನಲ್ಲಿ ಜಿ.ಎಸ್.ಟಿ. ಬಂದಾಗ ಖಾದ್ಯತೈಲಕ್ಕೆ ಶೇ. 5, ಕೇಶತೈಲಕ್ಕೆ ಶೇ. 18 ತೆರಿಗೆ ನಿಗದಿಯಾಯಿತು. ಸಣ್ಣ ಪೊಟ್ಟಣದಲ್ಲಿ ತುಂಬಿದ ಮಾತ್ರಕ್ಕೆ ಅದು ಕೇಶತೈಲವಾಗುವುದೇ ಎಂಬ ಪ್ರಶ್ನೆ ಕೇಂದ್ರ ಅಬಕಾರಿ ಸುಂಕದ ಕಾಲದಿಂದಲೂ ಇತ್ತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. 2024ರ ಡಿಸೆಂಬರಿನಲ್ಲಿ ತ್ರಿಸದಸ್ಯ ಪೀಠವು, ಖಾದ್ಯತೈಲವೆಂದು ಮಾರುವ ಶುದ್ಧ ಕೊಬ್ಬರಿ ಎಣ್ಣೆಯನ್ನು ಪೊಟ್ಟಣ ಸಣ್ಣದೆಂಬ ಕಾರಣಕ್ಕಷ್ಟೇ ಕೇಶತೈಲವೆನ್ನಲಾಗದೆಂದು ತೀರ್ಮಾನಿಸಿತು. 2025ರ ಸೆಪ್ಟೆಂಬರ್ 22ರಿಂದ ಕೇಶತೈಲವೂ ಶೇ. 5ಕ್ಕೆ ಇಳಿದುದರಿಂದ ದರದ ಅಂತರವೇ ಮಾಯವಾಯಿತು. ಆದರೂ ಸುಗಂಧ ಸೇರಿಸಿದ ಎಣ್ಣೆಯ ಬಾಟಲಿಗೂ ಗಾಣದ ಎಣ್ಣೆಗೂ ಬೆಲೆಯಲ್ಲಿ ಅಂತರವಿರುವುದುಂಟು. ಸುಗಂಧದ ಎಣ್ಣೆಗಳಲ್ಲಿ ಹಲವಕ್ಕೆ ಖನಿಜತೈಲ ಬೆರೆಸಿರುವುದನ್ನು ಲೇಬಲ್ ಓದಿ ತಿಳಿಯಬಹುದು.

ತೋಟವಿರುವವರು ತಮ್ಮ ಎಣ್ಣೆ ಪುಕ್ಕಟೆಯೆಂದು ತಿಳಿಯುವುದು ಸರಿಯಲ್ಲ. ಮಾರಿದ್ದರೆ ಬರುತ್ತಿದ್ದ ಹಣವೇ ಅದರ ಬೆಲೆ. 2025ರಲ್ಲಿ ಕೊಬ್ಬರಿ ಧಾರಣೆ ದಾಖಲೆ ಮಟ್ಟಕ್ಕೇರಿದಾಗ ಒಳ್ಳೆಯ ಕಾಯನ್ನು ಒಡೆದು ಗಾಣಕ್ಕೆ ಹಾಕಿದ ಮನೆಗಳಿಗೆ ಎಣ್ಣೆ ಅಂಗಡಿಯದಕ್ಕಿಂತ ಅಗ್ಗವಾಗಿ ಬೀಳಲಿಲ್ಲ. ವ್ಯಾಪಾರಿ ಬೇಡವೆಂದು ಬಿಟ್ಟ ಸಣ್ಣ ಕಾಯಿ, ಒಡಕು ಕಾಯಿಗಳನ್ನು ಒಣಗಿಸಿ ಎಣ್ಣೆ ತೆಗೆಸುವುದೇ ನಿಜವಾದ ಉಳಿತಾಯ.

ಸಾಬೂನಿನಲ್ಲಿ ನೋಡಬೇಕಾದುದು ಹೊದಿಕೆಯ ಮೇಲಿನ ಟಿ.ಎಫ್.ಎಂ. ಪ್ರಮಾಣ, ಅಂದರೆ ಒಟ್ಟು ಕೊಬ್ಬಿನಾಂಶ. ಭಾರತೀಯ ಮಾನಕದಂತೆ ಮೊದಲ ದರ್ಜೆಯ ಸ್ನಾನದ ಸಾಬೂನಿನಲ್ಲಿ ಇದು ಶೇ. 76ಕ್ಕೆ ಕಡಿಮೆಯಿರಬಾರದು. ಎರಡನೆಯ ದರ್ಜೆಗೆ ಶೇ. 70, ಮೂರನೆಯದಕ್ಕೆ ಶೇ. 60. ಬೇಥಿಂಗ್ ಬಾರ್ ಎಂದು ಬರೆದಿರುವುದು ಈ ದರ್ಜೆಗಳಿಗೆ ಸೇರದ, ಕೊಬ್ಬಿನಾಂಶ ಇನ್ನೂ ಕಡಿಮೆಯಿರಬಹುದಾದ ಬೇರೆಯೇ ಸರಕು. ಕೊಬ್ಬಿನಾಂಶ ಕಡಿಮೆಯಾದಷ್ಟೂ ಬಿಲ್ಲೆ ಬೇಗ ಕರಗುವುದು ಸಾಮಾನ್ಯ. ಎರಡು ರೂಪಾಯಿ ಕಡಿಮೆಯೆಂದು ಕೊಂಡದ್ದು ವಾರ ಮೊದಲೇ ಮುಗಿದರೆ ಉಳಿತಾಯವೆಲ್ಲಿ? ಬಿಲ್ಲೆಯನ್ನು ಎರಡು ತುಂಡುಮಾಡಿ, ನೀರು ಬಸಿಯುವ ತಟ್ಟೆಯಲ್ಲಿಡುವ ಹಳೆಯ ಅಭ್ಯಾಸಕ್ಕೂ ಬೆಲೆಯಿದೆ. ತೆರಿಗೆಯಲ್ಲಿಯೂ ಈಗ ಬಿಲ್ಲೆಗೆ ಅನುಕೂಲ. 2025ರ ಪರಿಷ್ಕರಣೆಯಲ್ಲಿ ಸ್ನಾನದ ಸಾಬೂನಿನ ಬಿಲ್ಲೆ, ಶಾಂಪೂ, ಟಾಲ್ಕಂ ಪೌಡರುಗಳು ಶೇ. 5ಕ್ಕೆ ಇಳಿದವು, ದ್ರವ ಸಾಬೂನು ಮತ್ತು ಮುಖಕ್ಕೆ ಹಚ್ಚುವ ಕ್ರೀಮುಗಳು ಶೇ. 18ರಲ್ಲಿಯೇ ಉಳಿದವು. ಫೇಸ್‌ವಾಶ್ ಟ್ಯೂಬಿನ ಬದಲು ಅಡುಗೆಮನೆಯ ಕಡಲೆಹಿಟ್ಟೋ ಹೆಸರುಹಿಟ್ಟೋ ಸಾಕೆನ್ನುವವರಿಗೆ ಬೆಲೆ ಮಾತ್ರವಲ್ಲ, ಈ ತೆರಿಗೆಯೂ ಉಳಿಯುತ್ತದೆ.

ಬಿಳುಪಿನ ಕ್ರೀಮುಗಳ ವಿಷಯದಲ್ಲಿ ಕೊಳ್ಳದಿರುವುದೇ ಸರಳ ಪರ್ಯಾಯ. ಅವುಗಳಲ್ಲಿ ಕೆಲವು ಸ್ಟೀರಾಯ್ಡ್ ಬೆರೆತ ಔಷಧಿಗಳು. ಇಂಥ ಹಲವು ಲೇಪನಗಳನ್ನು ಕೇಂದ್ರ ಸರ್ಕಾರವು 2018ರಲ್ಲಿ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಕಿರಾಣಿ ಅಂಗಡಿಯಲ್ಲಿ ಅವನ್ನು ಇಡುವುದು ಕಾನೂನಿಗೂ ವಿರುದ್ಧ, ಗಿರಾಕಿಯ ಮುಖಕ್ಕೂ ಅಪಾಯ. ಮನೆಯಲ್ಲಿ ಮಾಡಿದ ಪುಡಿ, ಸಾಬೂನುಗಳನ್ನು ಸೌಂದರ್ಯವರ್ಧಕವೆಂದು ಹೆಸರಿಟ್ಟು ಮಾರಲು ಹೊರಡುವ ಸಣ್ಣ ಉದ್ದಿಮೆದಾರರು 2020ರ ಸೌಂದರ್ಯವರ್ಧಕ ನಿಯಮಗಳಂತೆ ರಾಜ್ಯದ ಔಷಧ ನಿಯಂತ್ರಣಾಧಿಕಾರಿಗಳಿಂದ ಪರವಾನಗಿ ಪಡೆಯಬೇಕಾಗುತ್ತದೆ. ಸ್ವಂತ ಬಳಕೆಗೆ ಇದರ ಅಗತ್ಯವಿಲ್ಲ.

ಖರ್ಚು ಕಡಿತ ಸಲ್ಲದ ಒಂದು ಜಾಗವನ್ನೂ ಇಲ್ಲಿ ಹೇಳಬೇಕು. ಅದು ರಾಮನಗರ ಸುತ್ತಿನ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕ. ಬೇಯಿಸಿದ ಗೂಡಿನ ಎಳೆ ಹುಡುಕುತ್ತ ಗಂಟೆಗಟ್ಟಲೆ ಬಿಸಿನೀರಿನಲ್ಲಿ ಬೆರಳಾಡಿಸುವ ಕೆಲಸಗಾರರ ಕೈ ಬಿಳಿಚಿಕೊಂಡು, ಸುಲಿದು, ಬಿರಿಯುತ್ತದೆ. ಅದೇ ರೇಷ್ಮೆಯ ಅಂಟು ಸೆರಿಸಿನ್ ಎಂಬ ಹೆಸರಿನಲ್ಲಿ ದುಬಾರಿ ಕ್ರೀಮುಗಳಿಗೆ ಸೇರುತ್ತದೆ. ಕೆಲಸದ ನಡುವೆ ಎಣ್ಣೆ ಹಚ್ಚಿದರೆ ನೂಲಿಗೆ ಕಲೆ. ಆದ್ದರಿಂದ ದಿನದ ಕೆಲಸ ಮುಗಿದು ಕೈತೊಳೆದ ಮೇಲೆ ಹಚ್ಚಿಕೊಳ್ಳಲು ಸುಗಂಧವಿಲ್ಲದ ಕೊಬ್ಬರಿ ಎಣ್ಣೆಯನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ, ಕೈ ಒರೆಸಲು ಒಣಬಟ್ಟೆಯನ್ನೋ ಘಟಕದಲ್ಲಿಯೇ ಇಡಬೇಕು. ಕೀವು ಕಂಡರೆ ಎಣ್ಣೆಗೆ ಕಾಯದೆ ವೈದ್ಯರಲ್ಲಿಗೆ ಕಳುಹಿಸಬೇಕು. ಈ ಡಬ್ಬಿಯ ಬೆಲೆಯನ್ನು ಮಾಲೀಕರು ಡ್ರಾಯಿಂಗ್ಸ್ ಖಾತೆಗೆ ಬರೆಯಬೇಕಾಗಿಲ್ಲ. ಅದು ಕಾರ್ಮಿಕ ಕಲ್ಯಾಣದ ಬಾಬ್ತು, ವ್ಯಾಪಾರದ ವೆಚ್ಚವಾಗಿಯೇ ಸಲ್ಲುತ್ತದೆ. ಬಿಲ್ಲನ್ನು ಘಟಕದ ಹೆಸರಿನಲ್ಲಿ ಪಡೆದು ಫೈಲಿಗೆ ಸೇರಿಸಿದರಾಯಿತು.